ಎಂಟು ತಾಸಿನ ವೆನಿಲ್ಲಾ

ಹಸಿ ವೆನಿಲ್ಲಾ ಕಾಯಿಗೆ ಪರಿಮಳವೇ ಇಲ್ಲ. ಇದನ್ನು ಆಫೀಸಿನಲ್ಲಿ ಯಾರಿಗೆ ಹೇಳಿದರೂ ಮೊದಲಿಗೆ ನಂಬುವುದಿಲ್ಲ. ಗೇಣುದ್ದದ ಹಸಿರು ಕಾಯಿ, ನೋಡಲಿಕ್ಕೆ ಸ್ವಲ್ಪ ದಪ್ಪದ ಬೀನ್ಸ್ ಇದ್ದ ಹಾಗೆ. ಮುರಿದು ಮೂಗಿಗೆ ಹಿಡಿದರೆ ಬರೀ ಹಸಿ ಸೊಪ್ಪಿನ ವಾಸನೆ. ರಸ ಕೈಗೆ ತಾಗಿದರೆ ತುರಿಕೆ ಬೇರೆ. ಐಸ್‌ಕ್ರೀಮ್ ಅಂಗಡಿಯ ಬಾಗಿಲಲ್ಲೇ ಮೂಗಿಗೆ ಬಡಿಯುವ ಆ ಪರಿಮಳ ಕಾಯಿಯಲ್ಲಿ ಮೊದಲಿಂದಲೂ ಇರುತ್ತದೆ ಅಂದುಕೊಂಡವರೇ ಎಲ್ಲ. (ಐಸ್‌ಕ್ರೀಮ್ ಅಂಗಡಿಯ ಪರಿಮಳ ಬಹುಮಟ್ಟಿಗೆ ಕಾಯಿಯದ್ದೇ ಅಲ್ಲ. ಆ ಕತೆ ಆಮೇಲೆ.)

ಬಲಿತ ಹಸಿ ಕಾಯಿಯೊಳಗೆ ಇರುವುದು ಗ್ಲುಕೋವೆನಿಲಿನ್. ಅಂದರೆ ವೆನಿಲಿನ್ ಅನ್ನುವ ಪರಿಮಳದ ಅಣುವಿಗೆ ಒಂದು ಸಕ್ಕರೆಯ ಅಣು ಅಂಟಿಕೊಂಡು ಕೂತಿದೆ. ಸಕ್ಕರೆ ಜೊತೆಗಿರುವವರೆಗೆ ಅದು ಗಾಳಿಗೆ ಏಳುವುದಿಲ್ಲ, ಮೂಗಿಗೆ ಬರುವುದಿಲ್ಲ. ಆ ಸಕ್ಕರೆಯನ್ನು ಬಿಡಿಸುವ ಎಂಜೈಮ್ ಕೂಡಾ ಅದೇ ಕಾಯಿಯಲ್ಲಿದೆ. ಹೆಸರು ಬೀಟಾ ಗ್ಲುಕೋಸಿಡೇಸ್. ಹೈಸ್ಕೂಲಿನಲ್ಲಿ ಕಿಣ್ವ ಅಂತ ಓದಿ ಮರೆತದ್ದು ಇಂಥವನ್ನೇ. ಆದರೆ ಎರಡೂ ಇರುವುದು ಬೇರೆ ಬೇರೆ ಕೋಣೆಗಳಲ್ಲಿ. ನಡುವಿನ ಗೋಡೆ ಒಡೆಯುವ ತನಕ ಭೇಟಿ ಇಲ್ಲ.

ನಮ್ಮ ಕಡೆಯವರಿಗೆ ಇದನ್ನು ಸಾಸಿವೆಯಲ್ಲಿ ಹೇಳಿದರೆ ಬೇಗ ಹೊಳೆಯುತ್ತದೆ. ಹಸಿ ಸಾಸಿವೆಯನ್ನು ಕಾಯಿತುರಿ ಜೊತೆ ನೀರು ಹಾಕಿ ಅರೆದರೆ ಮೂಗಿನ ನೆತ್ತಿಗೆ ಹತ್ತುವ ಘಾಟು. ಅದೇ ಸಾಸಿವೆ ಒಗ್ಗರಣೆಯಲ್ಲಿ ಸಿಡಿದರೆ ಆ ಘಾಟು ಇಲ್ಲ. ಅರೆದಾಗ ಗೋಡೆ ಒಡೆದು ಎಂಜೈಮ್ ಕೆಲಸ ಶುರು ಮಾಡಿತು, ಕಾದ ಎಣ್ಣೆಯಲ್ಲಿ ಎಂಜೈಮೇ ಸತ್ತುಹೋಯಿತು. ಬೆಳ್ಳುಳ್ಳಿ ಜಜ್ಜಿದ ಮೇಲೇ ನಾರುವುದೂ ಇದೇ ಲೆಕ್ಕ. ಸಾಸಿವೆಗೂ ಬೆಳ್ಳುಳ್ಳಿಗೂ ಒಂದು ನಿಮಿಷ ಸಾಕು. ವೆನಿಲ್ಲಾ ಮಾತ್ರ ಅಷ್ಟು ಸುಲಭಕ್ಕೆ ಬಗ್ಗುವ ಜಾತಿ ಅಲ್ಲ.

ನಮ್ಮನೆ ಸಿದ್ದಾಪುರದ ಹತ್ತಿರ. ಅಡಿಕೆ ತೋಟ, ನಡುವೆ ಕಾಳುಮೆಣಸು, ಬಾಳೆ, ಏಲಕ್ಕಿ ಅಷ್ಟಿಷ್ಟು. 2000ದ ಏಪ್ರಿಲಿನಲ್ಲಿ ಮಡಗಾಸ್ಕರಿಗೆ ದೊಡ್ಡ ಚಂಡಮಾರುತ ಬಡಿಯಿತು. ಜಗತ್ತಿನ ವೆನಿಲ್ಲಾದಲ್ಲಿ ದೊಡ್ಡ ಪಾಲು ಬೆಳೆಯುವ ದೇಶ ಅದು. ಅಲ್ಲಿ ಗಾಳಿ ಬೀಸಿದ್ದಕ್ಕೆ ಇಲ್ಲಿ ನಮ್ಮ ಊರಲ್ಲಿ ಬಳ್ಳಿ ಎದ್ದಿತು. 2003ರ ಹೊತ್ತಿಗೆ ಹಸಿ ಕಾಯಿಗೆ ಕೆಜಿಗೆ 3,000 ರೂಪಾಯಿ ದಾಟಿತ್ತು. ಕೆಜಿ ಅಡಿಕೆಗೆ ಬರುವುದನ್ನು ನೂರರಲ್ಲಿ ಎಣಿಸುತ್ತಿದ್ದವರಿಗೆ ಇದು ಏನು ಅಂತಲೇ ಅರ್ಥ ಆಗಲಿಲ್ಲ. ನಾನಾಗ ಹತ್ತನೇ ಕ್ಲಾಸು. ಬೆಳಿಗ್ಗೆ ಶಾಲೆಗೆ ಹೋಗುವ ಮೊದಲು ಹೂವಿಗೆ ಪರಾಗಸ್ಪರ್ಶ ಮಾಡಿಸುವುದು ನನ್ನ ಮತ್ತು ಅಕ್ಕನ ಕೆಲಸ. ಹೂವು ಅರಳುವುದು ಒಂದೇ ದಿನ, ಮಧ್ಯಾಹ್ನಕ್ಕೆ ಬಾಡುತ್ತದೆ. ಹಿಡಿಕಡ್ಡಿಯಲ್ಲಿ ಒಳಗಿನ ಸಣ್ಣ ಪರದೆ ಎತ್ತಿ, ಹೆಬ್ಬೆರಳಲ್ಲಿ ಒಂದು ಸಲ ಒತ್ತಬೇಕು. ಈ ವಿದ್ಯೆ ಕಂಡುಹಿಡಿದವನು ರಿಯೂನಿಯನ್ ದ್ವೀಪದ ಎಡ್ಮಂಡ್ ಆಲ್ಬಿಯಸ್, 1841ರಲ್ಲಿ. ಆಗ ಅವನಿಗೆ 12 ವರ್ಷ, ಗುಲಾಮ ಹುಡುಗ. ಅವನ ಬೆರಳಿನ ಚಮತ್ಕಾರದ ಮೇಲೆ ದ್ವೀಪಗಳ ಆರ್ಥಿಕತೆಯೇ ನಿಂತಿತು, ಅವನು ಬಡವನಾಗಿಯೇ ಸತ್ತ. ನನಗೆ ಇದು ಗೊತ್ತಾಗಿದ್ದು ಬಹಳ ವರ್ಷದ ಮೇಲೆ. ಗೊತ್ತಿದ್ದಿದ್ದರೆ ಆ ಬೆಳಿಗ್ಗೆಗಳಲ್ಲಿ ಅಷ್ಟು ಗೊಣಗುತ್ತಿರಲಿಲ್ಲವೇನೋ.

ಆ ವರ್ಷ ಊರಲ್ಲಿ ತೋಟಕ್ಕೆ ರಾತ್ರಿ ಕಾವಲು. ಅಪ್ಪ ಮತ್ತು ಪಕ್ಕದ ಮನೆಯವರು ಪಾಳಿ ಹಾಕಿಕೊಂಡು ಬ್ಯಾಟರಿ ಹಿಡಿದು ಸುತ್ತುತ್ತಿದ್ದರು. ವ್ಯಾಪಾರಿಗಳು ನೇರ ಅಂಗಳಕ್ಕೆ ಬಂದು ನೋಟು ಎಣಿಸಿ ಹಸಿ ಕಾಯಿ ತೂಗಿಸಿಕೊಂಡು ಹೋಗುತ್ತಿದ್ದರು. ಹಂಚು ಬದಲಾಯಿತು, ಬೈಕು ಬಂತು. ಮುಂದಿನ ವರ್ಷ ನೆರಳು ಬಲೆಗೂ ಹನಿ ನೀರಾವರಿಗೂ ಅಪ್ಪ ಸಾಲ ತೆಗೆದ. ಅದರ ಮುಂದಿನ ವರ್ಷ ರೇಟು ನೂರರ ಆಸುಪಾಸಿಗೆ ಬಂದು ಬಿತ್ತು, ವ್ಯಾಪಾರಿಗಳ ಜೀಪು ಬರುವುದೇ ನಿಂತಿತು. ಈ ಭಾಗವನ್ನು ಉದ್ದ ಹೇಳಲಿಕ್ಕೆ ನನಗೆ ಮನಸ್ಸಿಲ್ಲ. ಮಲೆನಾಡಿನ ನನ್ನ ವಾರಿಗೆಯವರಿಗೆಲ್ಲ ಗೊತ್ತಿರುವುದೇ.

ಹಸಿ ಕಾಯಿ ಮೂರು ನಾಲ್ಕು ದಿನದ ಮೇಲೆ ನಿಲ್ಲುವುದಿಲ್ಲ. ಹದ ಮಾಡಿದ ಕಾಯಿ ವರ್ಷಗಟ್ಟಲೆ ನಿಲ್ಲುತ್ತದೆ. ಕೊಳ್ಳುವವರು ಇಲ್ಲದ ಆ ವರ್ಷ ಅಮ್ಮ ಹದ ಮಾಡುವುದನ್ನು ಕಲಿತಳು.

63ರಿಂದ 65 ಡಿಗ್ರಿಯ ಬಿಸಿ ನೀರಿನಲ್ಲಿ ಮೂರು ನಿಮಿಷ ಅದ್ದಬೇಕು. ಕಾಯಿ ಸಾಯಬೇಕು, ಆದರೆ ಒಳಗಿನ ಎಂಜೈಮ್ ಪೂರ್ತಿ ಸಾಯಬಾರದು. ನೀರು ಸ್ವಲ್ಪ ಹೆಚ್ಚು ಕಾದರೆ ಬೆಂದ ಬೀನ್ಸ್ ಸಿಗುತ್ತದೆ, ವೆನಿಲ್ಲಾ ಸಿಗುವುದಿಲ್ಲ. ಥರ್ಮಾಮೀಟರ್ ತಂದುಕೊಟ್ಟಿದ್ದರೂ ಅಮ್ಮ ಕೈಬೆರಳು ಅದ್ದಿಯೇ ನೋಡುತ್ತಿದ್ದಳು. ಆಮೇಲೆ ಬಿಸಿಯಿರುವಾಗಲೇ ಕಪ್ಪು ಕಂಬಳಿಯಲ್ಲಿ ಸುತ್ತಿ ಮರದ ಪೆಟ್ಟಿಗೆಗೆ. ಮಾರನೇ ದಿನ ಬಿಸಿಲಿಗೆ ಹರವುವುದು, ಕಾದ ಕಾಯಿಯನ್ನು ಮತ್ತೆ ಕಂಬಳಿಗೆ ಸುತ್ತುವುದು. ರಾತ್ರಿಯಿಡೀ ಕಾಯಿ ಬೆವರುತ್ತದೆ. ಹೀಗೆ ಒಂದು ವಾರ, ಹತ್ತು ದಿನ. ಆಮೇಲೆ ನೆರಳಲ್ಲಿ ವಾರಗಟ್ಟಲೆ ಒಣಗಿಸುವುದು, ಆಮೇಲೆ ಪೆಟ್ಟಿಗೆಯಲ್ಲಿ ಎರಡು ಮೂರು ತಿಂಗಳು. ಆ ಅವಧಿಯಲ್ಲಿ ಒಂದೊಂದೇ ಕಾಯಿ ತೆಗೆದು ನೋಡಬೇಕು. ಒಂದಕ್ಕೆ ಬೂಷ್ಟು ಬಂದರೆ ಪೆಟ್ಟಿಗೆಗೇ ಬಂದ ಹಾಗೆ. ಆರು ಕೆಜಿ ಹಸಿ ಕಾಯಿಗೆ ಕೊನೆಯಲ್ಲಿ ಒಂದು ಕೆಜಿ ಸಿಗುತ್ತದೆ, ಎಣ್ಣೆ ಹಚ್ಚಿದ ಹಾಗೆ ಮಿರುಗುವ ಕಪ್ಪು ಕಡ್ಡಿಗಳು. ಇಷ್ಟೆಲ್ಲ ಮಾಡಿದ್ದು ಕಾಯಿಯೊಳಗಿನ ಆ ಎರಡು ಕೋಣೆಗಳ ಗೋಡೆ ನಿಧಾನಕ್ಕೆ ಬೀಳಲಿ ಅಂತ.

ಹೋದ ವರ್ಷ ದೀಪಾವಳಿ ಕಳೆದ ಮೇಲೆ ಭಾವ ಫೋನ್ ಮಾಡಿದರು. ಅಕ್ಕನ ಗಂಡ, ನಮ್ಮೂರಿಂದ ಎಂಟು ಕಿಲೋಮೀಟರ್. ಅವರ ತೋಟಕ್ಕೆ ಎಲೆಚುಕ್ಕೆ ರೋಗ ಬಂದು ಎರಡು ವರ್ಷ ಆಗಿದೆ. ಮದ್ದು ಹೊಡೆಸಿ ಹೊಡೆಸಿ ಸಾಕಾಗಿದ್ದಾರೆ.

"ಮಾರಾಯ, ಎಂಜೈಮ್ ಹಾಕಿ ವೆನಿಲ್ಲಾ ಎಕ್ಸ್‌ಟ್ರಾಕ್ಟ್ ತೆಗೀಬಹುದಂತೆ. ಹದ ಮಾಡೋದೇ ಬೇಡ, ಹಸಿ ಕಾಯಿಂದ ಡೈರೆಕ್ಟ್ ಎಂಟು ತಾಸಲ್ಲಿ. ಹೌದಾ?"

"ಯಾರು ಹೇಳಿದ್ದು ಭಾವ?"

"ಯಾರೋ ಕೊಟೇಶನ್ ಕೊಟ್ಟಿದಾರೆ. ಮಷಿನ್ನಿಗೆ, ಟ್ಯಾಂಕಿಗೆ, ಎಲ್ಲಾ ಸೇರಿ ಇಪ್ಪತ್ತೆರಡು ಲಕ್ಷ. ತೋಟದ ಮೇಲೆ ಸಾಲ ಸಿಗ್ತದೆ. ನೀನು ಓದಿದವ, ನೋಡಿ ಹೇಳು."

ಓದಿದ್ದು ಕಂಪ್ಯೂಟರ್ ಸೈನ್ಸ್. ಊರಿನ ಪ್ರಕಾರ ಬಿಇ ಅಂದರೆ ಬಿಇ, ಪಂಪ್‌ಸೆಟ್‌ನಿಂದ ಹಿಡಿದು ವೆನಿಲ್ಲಾವರೆಗೆ ಎಲ್ಲಕ್ಕೂ ಜವಾಬು ಕೊಡಬೇಕು. ಭಾವನ ತೋಟ ಅಂದರೆ ಅಕ್ಕನ ತೋಟ, ಅದರ ಮೇಲೆ ಇಪ್ಪತ್ತೆರಡು ಲಕ್ಷ. ಆ ವಾರ ಪೂರ್ತಿ ರಾತ್ರಿ ಲ್ಯಾಪ್‌ಟಾಪ್ ಮುಂದೆ ಕೂತೆ.

ಎಂಟು ತಾಸಿನ ಮಾತು ಸುಳ್ಳಲ್ಲ. 2001ರಲ್ಲಿ ಮೆಕ್ಸಿಕೋದ ಸಂಶೋಧಕರು ಇದನ್ನು ಮಾಡಿ ಬರೆದಿದ್ದಾರೆ. ವೆನಿಲ್ಲಾ ಹುಟ್ಟಿದ ದೇಶವೇ ಮೆಕ್ಸಿಕೋ, ಹಾಗಾಗಿ ಅವರಿಗೆ ಇದರ ಚಿಂತೆ ಸಹಜ. ಹಸಿ ಕಾಯಿಯನ್ನು ನೂರಕ್ಕೆ 47.5 ಪಾಲು ಆಲ್ಕೋಹಾಲ್ ಇರುವ ನೀರಿನಲ್ಲಿ ಹಾಕಿ, 70 ಡಿಗ್ರಿಯಲ್ಲಿ ಎಂಟು ಗಂಟೆ ಇಟ್ಟರು. ಮೊದಲು ವಿಸ್ಕೊಜೈಮ್ ಅನ್ನುವ ಎಂಜೈಮ್, ಆಮೇಲೆ ಸೆಲ್ಲುಕ್ಲಾಸ್ಟ್. ಮೊದಲನೆಯದರಲ್ಲಿ ಮುಖ್ಯವಾಗಿ ಪೆಕ್ಟಿನೇಸ್, ಅಂದರೆ ಜೀವಕೋಶಗಳನ್ನು ಒಂದಕ್ಕೊಂದು ಹಿಡಿದಿಟ್ಟಿರುವ ಗಾರೆಯನ್ನು ಕರಗಿಸುವಂಥದ್ದು. ಎರಡನೆಯದರಲ್ಲಿ ಸೆಲ್ಯುಲೇಸ್, ಅದು ಇಟ್ಟಿಗೆಗೇ ಕೈ ಹಾಕುತ್ತದೆ. ಗೋಡೆ ಬಿದ್ದ ಮೇಲೆ ಸಕ್ಕರೆಯ ಕೊಂಡಿಯೂ ಕಳಚಿತು, ಬಿಡುಗಡೆಯಾದ ವೆನಿಲಿನ್ ಅಲ್ಲೇ ಆಲ್ಕೋಹಾಲಿನಲ್ಲಿ ಕರಗಿತು. ಹದ ಮಾಡುವುದು, ಸಾರ ತೆಗೆಯುವುದು ಎರಡೂ ಒಂದೇ ಪಾತ್ರೆಯಲ್ಲಿ ಮುಗಿಯಿತು. ಪ್ರಯೋಗಾಲಯಗಳಲ್ಲಿ ಸಾರ ತೆಗೆಯುವ ಹಳೆಯ ಸಾಕ್ಸ್‌ಲೆಟ್ ವಿಧಾನಕ್ಕಿಂತ 3.13 ಪಟ್ಟು ಹೆಚ್ಚು ವೆನಿಲಿನ್ ಸಿಕ್ಕಿತು.

ಅರ್ಧಕ್ಕರ್ಧ ಆಲ್ಕೋಹಾಲು, ಅದರ ಮೇಲೆ 70 ಡಿಗ್ರಿ ಬಿಸಿ, ಇಷ್ಟರಲ್ಲಿ ಎಂಜೈಮ್ ಬದುಕುವುದು ಹೇಗೆ ಅಂತ ನನಗೂ ಅನ್ನಿಸಿತು. ಎಷ್ಟೋ ಎಂಜೈಮುಗಳು ಇದರಲ್ಲಿ ಕೈಕಾಲು ಬಿಡುತ್ತವೆ. ಇವು ಗಟ್ಟಿ ಪಿಂಡಗಳು. ಸೆಲ್ಲುಕ್ಲಾಸ್ಟ್ ಬರುವುದು ಟ್ರೈಕೋಡರ್ಮಾ ರೀಸೈ ಅನ್ನುವ ಶಿಲೀಂಧ್ರದಿಂದ. ಎರಡನೇ ಮಹಾಯುದ್ಧದಲ್ಲಿ ಸೊಲೊಮನ್ ದ್ವೀಪಗಳಲ್ಲಿ ಬೀಡುಬಿಟ್ಟಿದ್ದ ಅಮೆರಿಕನ್ ಸೈನ್ಯದ ಟೆಂಟುಗಳೂ ಬಟ್ಟೆಗಳೂ ಲಡ್ಡು ಹಿಡಿದು ಹರಿದುಹೋಗುತ್ತಿದ್ದವು. ಯಾಕೆ ಅಂತ ಹುಡುಕಿದಾಗ ಸಿಕ್ಕ ಶಿಲೀಂಧ್ರ ಅದು. ಹತ್ತಿ ಬಟ್ಟೆ ಅಂದರೆ ಸೆಲ್ಯುಲೋಸ್, ಇದು ಅದನ್ನೇ ತಿಂದು ಬದುಕುವ ಪ್ರಾಣಿ. ಇದನ್ನು ಅಪ್ಪನಿಗೆ ಹೇಳಿದೆ. ಟ್ರೈಕೋಡರ್ಮಾ ಅಂದ ತಕ್ಷಣ ಅಪ್ಪ, "ಅದು ನಾವು ಬೇವಿನಹಿಂಡಿ ಜೊತೆ ಮೆಣಸಿನ ಬುಡಕ್ಕೆ ಹಾಕೋದಲ್ವಾ?" ಅಂದ. ಹೌದು, ಅದೇ ಮನೆತನದ್ದು, ದಾಯಾದಿ. ಬೆಂಗಳೂರಲ್ಲಿ ಬಯೋಟೆಕ್ ಅಂತ ನಾವು ಗಂಭೀರವಾಗಿ ಹೇಳುವ ಎಷ್ಟೋ ವಿಷಯ ಊರಲ್ಲಿ ಗೊಬ್ಬರದ ಚೀಲದಲ್ಲಿ ಕೂತಿರುತ್ತದೆ.

ಇನ್ನು ದ್ರಾವಕದ ವಿಷಯ. ಗಿಡದೊಳಗಿನ ಬಣ್ಣ, ಪರಿಮಳ, ಖಾರ ಯಾವುದನ್ನೇ ಹೊರಗೆ ತೆಗೆಯಬೇಕಾದರೂ ಅದು ಯಾವುದರಲ್ಲಾದರೂ ಕರಗಬೇಕು. ಎಣ್ಣೆಕಾಳಿನಿಂದ ಎಣ್ಣೆ ತೆಗೆಯುವ ದೊಡ್ಡ ಕಾರ್ಖಾನೆಗಳು ಹೆಚ್ಚಾಗಿ ಬಳಸುವುದು ಹೆಕ್ಸೇನ್. ಪೆಟ್ರೋಲಿಯಂನಿಂದ ಬರುತ್ತದೆ, ಅಗ್ಗ, 69 ಡಿಗ್ರಿಗೆ ಕುದಿದು ಹಾರಿಹೋಗುವುದರಿಂದ ಬೇರ್ಪಡಿಸುವುದು ಸುಲಭ. ತೊಂದರೆ ಏನೆಂದರೆ ಬೆಂಕಿ ಬೇಗ ಹಿಡಿಯುತ್ತದೆ, ಅದರ ಗಾಳಿಯನ್ನು ವರ್ಷಗಟ್ಟಲೆ ಕುಡಿದ ಕೆಲಸಗಾರರ ಕೈಕಾಲಿನ ನರಗಳು ಸೋಲುತ್ತವೆ. 1998ರಲ್ಲಿ ಅನಸ್ತಾಸ್ ಮತ್ತು ವಾರ್ನರ್ ಹಸಿರು ರಸಾಯನಶಾಸ್ತ್ರಕ್ಕೆ 12 ಸೂತ್ರ ಬರೆದಾಗ ಒಂದು ಸೂತ್ರವನ್ನು ದ್ರಾವಕಗಳಿಗೇ ಮೀಸಲಿಟ್ಟರು. ಆದಷ್ಟು ಬೇಡ, ಬೇಕೇ ಬೇಕಾದರೆ ನಿರುಪದ್ರವಿಯಾದದ್ದು ಇರಲಿ ಅಂತ.

ನಿರುಪದ್ರವಿಗಳ ಪಟ್ಟಿಯಲ್ಲಿ ನನಗೆ ಬಹಳ ಖುಷಿ ಕೊಟ್ಟದ್ದು ಡೀಪ್ ಯುಟೆಕ್ಟಿಕ್ ದ್ರಾವಕ ಅನ್ನುವ ಜಾತಿ. 2003ರಲ್ಲಿ ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಕೋಲೀನ್ ಕ್ಲೋರೈಡನ್ನೂ ಯೂರಿಯಾವನ್ನೂ ಬೆರೆಸಿ ನೋಡಿದರು. ಒಂದು 302 ಡಿಗ್ರಿಯಲ್ಲಿ ಕರಗುವ ಪುಡಿ, ಇನ್ನೊಂದು 133 ಡಿಗ್ರಿಯಲ್ಲಿ. ಎರಡೂ ಒಂದು ಲೆಕ್ಕದಲ್ಲಿ ಸೇರಿದರೆ 12 ಡಿಗ್ರಿಗೇ ನೀರಾಗುತ್ತದೆ! ಕೋಲೀನ್ ಕ್ಲೋರೈಡ್ ಕೋಳಿಗಳ ಆಹಾರಕ್ಕೆ ಸೇರಿಸುವ ವಸ್ತು, ಯೂರಿಯಾ ಗೊತ್ತೇ ಇದೆ. ಅಂದರೆ ಕೋಳಿ ಫಾರಮ್ಮಿನಿಂದ ಒಂದು ಚೀಲ, ಸೊಸೈಟಿಯಿಂದ ಒಂದು ಚೀಲ ತಂದರೆ ಹೊಸ ವಿಜ್ಞಾನ. ಸಕ್ಕರೆ ಮತ್ತು ಹಣ್ಣಿನ ಆಮ್ಲಗಳಿಂದಲೂ ಇಂಥ ದ್ರಾವಕ ಮಾಡುತ್ತಾರೆ, ವೆನಿಲ್ಲಾ ಕಡ್ಡಿಯಿಂದ ವೆನಿಲಿನ್ ತೆಗೆಯಲಿಕ್ಕೂ ಬಳಸಿ ನೋಡಿದ್ದಾರೆ. ಆದರೆ ಇವು ಹಾರಿಹೋಗುವುದಿಲ್ಲ. ಕರಗಿದ್ದನ್ನು ಮತ್ತೆ ಅದರಿಂದ ಬಿಡಿಸುವುದೇ ದೊಡ್ಡ ತಲೆನೋವು. ಇನ್ನೊಂದು, ಕಾರ್ಬನ್ ಡೈಆಕ್ಸೈಡನ್ನು 31 ಡಿಗ್ರಿ, 74 ವಾತಾವರಣದ ಒತ್ತಡ ದಾಟಿಸಿ ಅದನ್ನೇ ದ್ರಾವಕ ಮಾಡುವುದು. ಕಾಫಿಯ ಕೆಫೀನ್ ಹೀಗೆ ತೆಗೆಯುತ್ತಾರೆ. ಬಹಳ ಶುದ್ಧ. ಅಷ್ಟು ಒತ್ತಡ ತಡೆಯುವ ಉಕ್ಕಿನ ಪಾತ್ರೆಯ ಬೆಲೆಗೆ ಭಾವನ ತೋಟ ಪೂರ್ತಿ ಮಾರಿದರೂ ಸಾಲದು.

ಕೊನೆಗೆ ನಿಲ್ಲುವುದು ನೀರು ಮತ್ತು ಎಥನಾಲ್, ಕಬ್ಬಿನ ಕಾಕಂಬಿಯಿಂದ ಬರುವ ಅದೇ ಸ್ಪಿರಿಟ್. ವೆನಿಲ್ಲಾದ ಮಟ್ಟಿಗೆ ಇದಕ್ಕಿಂತ ಚೆನ್ನಾಗಿರುವುದು ಇಲ್ಲ, ಯಾಕೆಂದರೆ ಇಲ್ಲಿ ದ್ರಾವಕವನ್ನು ಬೇರ್ಪಡಿಸುವ ಕೆಲಸವೇ ಇಲ್ಲ. ಕೇಕ್ ಮಾಡುವವರು ಕೊಳ್ಳುವ ಎಕ್ಸ್‌ಟ್ರಾಕ್ಟ್ ಅಂದರೆ ಆಲ್ಕೋಹಾಲಿನಲ್ಲೇ ಕೂತಿರುವ ವೆನಿಲ್ಲಾ. ಅಮೆರಿಕದ ನಿಯಮದಲ್ಲಿ ನೂರಕ್ಕೆ 35 ಪಾಲಾದರೂ ಆಲ್ಕೋಹಾಲ್ ಇರಲೇಬೇಕು, ಲೀಟರಿಗೆ ಸುಮಾರು 100 ಗ್ರಾಂ ಕಡ್ಡಿ. ನಮ್ಮಲ್ಲಿ ಇದು ಹೊಸತೂ ಅಲ್ಲ. ದ್ರಾಕ್ಷಾರಿಷ್ಟ, ಅಶೋಕಾರಿಷ್ಟಗಳಲ್ಲಿ ಬೆಲ್ಲ, ಧಾತಕಿ ಹೂವು ಹಾಕಿ ತಿಂಗಳುಗಟ್ಟಲೆ ಮುಚ್ಚಿಡುತ್ತಾರಲ್ಲ, ಅಲ್ಲಿ ಹುಳಿ ಬರುತ್ತಾ ಬರುತ್ತಾ ಆಲ್ಕೋಹಾಲ್ ಒಳಗೇ ಹುಟ್ಟಿ ಮದ್ದಿನ ಸಾರವನ್ನು ಎಳೆಯುತ್ತದೆ.

ಇಷ್ಟು ಓದಿದ ಮೇಲೆ ಕೈ ಸುಮ್ಮನಿರಲಿಲ್ಲ. ನನ್ನ ಹಾಸ್ಟೆಲ್ ಗೆಳೆಯನೊಬ್ಬ ಈಗ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಬಯೋಟೆಕ್ನಾಲಜಿ ಪಾಠ ಮಾಡುತ್ತಾನೆ. ಡಿಸೆಂಬರಿನಲ್ಲಿ ಮನೆಯಿಂದ ಒಂದು ಕೆಜಿ ಬಲಿತ ಕಾಯಿ ತಂದು ಅವನ ಲ್ಯಾಬಿಗೆ ಹೋದೆ. 2017ರಲ್ಲಿ ಮಡಗಾಸ್ಕರಿಗೆ ಮತ್ತೊಂದು ಚಂಡಮಾರುತ ಬಡಿದು ರೇಟು ಏರಿದಾಗ ಅಪ್ಪ ತಡೆಯಲಾರದೆ ಮತ್ತೆ ನೆಟ್ಟಿದ್ದ ಐವತ್ತು ಬಳ್ಳಿಗಳ ಕಾಯಿ. ಕತ್ತರಿಸಿ ಎರಡು ಫ್ಲಾಸ್ಕಿಗೆ ಹಾಕಿದೆವು. ಎರಡಕ್ಕೂ ಒಂದೇ ಆಲ್ಕೋಹಾಲ್, ಒಂದೇ ಬಿಸಿ. ಒಂದಕ್ಕೆ ಮಾತ್ರ ಎಂಜೈಮ್. ಇದು ಸಂಶೋಧನೆ ಅಲ್ಲ, ಅಳತೆ ಮಾಡುವ ಯಂತ್ರ ನಮ್ಮ ಹತ್ತಿರ ಇದ್ದದ್ದು ಮೂಗು ಮಾತ್ರ. ಸಂಜೆ ಐದಕ್ಕೆ ಮುಚ್ಚಳ ತೆಗೆದಾಗ ಎಂಜೈಮ್ ಹಾಕದ ಫ್ಲಾಸ್ಕಿನಲ್ಲಿ ಸ್ಪಿರಿಟ್ಟು ಮತ್ತು ಸೊಪ್ಪು. ಹಾಕಿದ್ದರಲ್ಲಿ ವೆನಿಲ್ಲಾ. ಲ್ಯಾಬಿನ ಅಟೆಂಡರ್ ಬಾಗಿಲಲ್ಲಿ ನಿಂತು, "ಯಾರ ಬರ್ತ್‌ಡೇ ಸಾರ್?" ಅಂದ.

ಸೋಸಿ ಚಿಕ್ಕ ಬಾಟಲಿಗೆ ಹಾಕಿಕೊಂಡು ಸಂಕ್ರಾಂತಿಗೆ ಊರಿಗೆ ಹೋದೆ. ಅಮ್ಮ ಹದ ಮಾಡಿಟ್ಟ ಹಳೇ ಕಡ್ಡಿಯನ್ನು ಗೆಳೆಯ ಎರಡು ತಿಂಗಳಿಂದ ಸ್ಪಿರಿಟ್‌ನಲ್ಲಿ ನೆನೆಹಾಕಿಟ್ಟಿದ್ದ, ಆ ಬಾಟಲಿಯೂ ಜೊತೆಗೆ. ಹೆಸರು ಹೇಳದೆ ಎರಡನ್ನೂ ಅಪ್ಪನ ಮುಂದಿಟ್ಟೆ.

ಅಪ್ಪ ಒಂದನ್ನು ಮೂಸಿದ, ಇಟ್ಟ. ಇನ್ನೊಂದನ್ನು ಮೂಸಿದ, ಮತ್ತೆ ಮೊದಲನೆಯದಕ್ಕೆ ಬಂದ. "ಇದು ನಿಂದು. ಚಂಡೆ ಇದೆ, ಮದ್ದಳೆ ಇಲ್ಲ."

ಅಪ್ಪ ರಸಾಯನಶಾಸ್ತ್ರ ಓದಿಲ್ಲ, ಆದರೆ ಆ ಮಾತು ಸರಿ. ಹದವಾದ ಕಡ್ಡಿಯಲ್ಲಿ ವೆನಿಲಿನ್ ನೂರಕ್ಕೆ ಎರಡು ಪಾಲಿನಷ್ಟು. ಅದರ ಜೊತೆ ಇನ್ನೂರಕ್ಕೂ ಹೆಚ್ಚು ಬೇರೆ ಪರಿಮಳದ ಸಂಯುಕ್ತಗಳಿವೆ, ಒಣದ್ರಾಕ್ಷಿಯ ಹಾಗೆ, ಹೊಗೆಯ ಹಾಗೆ, ಹಳೇ ಮರದ ಹಾಗೆ. ಅವುಗಳಲ್ಲಿ ಎಷ್ಟೋ ಹುಟ್ಟುವುದೇ ಆ ತಿಂಗಳುಗಳ ಬೆವರು, ಬಿಸಿಲು, ಗಾಳಿಯಲ್ಲಿ. ಬರೀ ವೆನಿಲಿನ್ ಬೇಕಾದರೆ ಕಾಯಿಯ ಗೊಡವೆಯೇ ಬೇಡ. ಜಗತ್ತು ಬಳಸುವ ವೆನಿಲಿನ್‌ನಲ್ಲಿ ಕಾಯಿಯಿಂದ ಬಂದದ್ದು ನೂರಕ್ಕೆ ಒಂದು ಪಾಲೂ ಇಲ್ಲ. ಉಳಿದದ್ದರಲ್ಲಿ ಹೆಚ್ಚಿನದು ಪೆಟ್ರೋಲಿಯಂ ಮೂಲದ ಗ್ವಾಯಕಾಲ್‌ನಿಂದ ಕಾರ್ಖಾನೆಯಲ್ಲಿ ತಯಾರಾದದ್ದು. ಮೊದಲು ಹೇಳಿದ ಐಸ್‌ಕ್ರೀಮ್ ಅಂಗಡಿಯ ಕತೆ ಇದೇ. ಕಾನೂನೂ ಅಪ್ಪನ ಪಕ್ಷ. ಅಮೆರಿಕದ ನಿಯಮದಲ್ಲಿ ವೆನಿಲ್ಲಾ ಬೀನ್ಸ್ ಅಂದರೆ ಸರಿಯಾಗಿ ಹದ ಮಾಡಿ ಒಣಗಿಸಿದ ಕಾಯಿ. ಹಸಿ ಕಾಯಿಂದ ಎಂಟು ತಾಸಲ್ಲಿ ತೆಗೆದದ್ದನ್ನು ಅಲ್ಲಿ ವೆನಿಲ್ಲಾ ಎಕ್ಸ್‌ಟ್ರಾಕ್ಟ್ ಅನ್ನುವ ಹೆಸರಲ್ಲಿ ಮಾರುವ ಹಾಗಿಲ್ಲ. ಕೊಟೇಶನ್ ಕೊಟ್ಟವರು ಭಾವನಿಗೆ ಇದನ್ನು ಹೇಳಿರಲಿಲ್ಲ.

ನಾನು ಇದನ್ನೆಲ್ಲ ಅಪ್ಪನಿಗೆ ಉತ್ಸಾಹದಿಂದ ವಿವರಿಸುತ್ತಿದ್ದೆ. ಇಬ್ಬರೂ ಸೇರಿ ಹಳೇ ಪದ್ಧತಿಯನ್ನು ಹೊಗಳುವ ಮೂಡಿನಲ್ಲಿದ್ದೆವು. ಅಮ್ಮ ಅಡಿಗೆಮನೆಯಿಂದ ಕೈ ಒರೆಸುತ್ತಾ ಬಂದಳು, ಎರಡೂ ಬಾಟಲಿ ಮೂಸಿದಳು. ನನ್ನದನ್ನು ಎತ್ತಿ ಹಿಡಿದು ಕೇಳಿದಳು.

"ಇದಕ್ಕೆ ಎಷ್ಟು ದಿನ ಹಿಡೀತು ಮಾಣಿ?"

"ಎಂಟು ತಾಸು."

"ಕಂಬಳಿ?"

"ಇಲ್ಲ."

"ಬೂಷ್ಟು ನೋಡೋದು?"

"ಇಲ್ಲ."

ಅಮ್ಮ ಬಾಟಲಿ ಕೆಳಗಿಟ್ಟಳು. "ಮದ್ದಳೆ ಬೇಕಾದ್ರೆ ನಿಮ್ಮಪ್ಪ ಬಾರಿಸ್ಲಿ. ಮೂರು ತಿಂಗಳು ದಿನಾ ಬಿಚ್ಚಿ, ಹರವಿ, ಸುತ್ತಿದವಳು ನಾನು. ಆ ವರ್ಷ ನನ್ನ ಕೈ ಹೇಗಾಗಿತ್ತು ನೆನಪಿದ್ಯಾ ನಿಂಗೆ? ಅಷ್ಟು ಮಾಡಿ ಬಂದ ದುಡ್ಡು ಸೊಸೈಟಿ ಬಡ್ಡಿಗೆ ಹೋಯ್ತು."

ನನಗೆ ನೆನಪಿತ್ತು. ಬೆರಳ ಸಂದಿಯಲ್ಲಿ ಕೆಂಪಗೆ, ಚರ್ಮ ಸುಲಿದ ಹಾಗೆ. ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಮಲಗುತ್ತಿದ್ದಳು. ಹದ ಮಾಡುವುದರ ಬಗ್ಗೆ ಎಲ್ಲೆಲ್ಲಿ ಓದಿದರೂ ಸಾಂಪ್ರದಾಯಿಕ, ಶ್ರಮದಾಯಕ ಅಂತ ಎರಡು ಪದ ಅಕ್ಕಪಕ್ಕ ಇರುತ್ತವೆ. ನಾವೆಲ್ಲ ಮೊದಲನೆಯ ಪದದ ಮೇಲೆ ಲೇಖನ ಬರೆಯುತ್ತೇವೆ.

ಆಮೇಲೆ ಭಾವನ ಲೆಕ್ಕಕ್ಕೆ ಕೂತೆ. ಸ್ಪ್ರೆಡ್‌ಶೀಟ್ ಮಾಡುವುದೊಂದು ನನಗೆ ನಿಜವಾಗಿ ಬರುವ ಕೆಲಸ. ಎಂಜೈಮಿನ ಖರ್ಚು ನಾನು ಹೆದರಿದಷ್ಟು ಇರಲಿಲ್ಲ, ಬೇಕಾಗುವುದು ಚೂರೇ ಚೂರು. ಆದರೆ ಕ್ಯಾನುಗಟ್ಟಲೆ ಮಾರುತ್ತಾರೆ, ತಂಪಿನಲ್ಲಿ ಇಡಬೇಕು, ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟ್ ಹೋದರೆ ಮೂರು ದಿನ. ಎಥನಾಲ್‌ಗೆ ಅಬಕಾರಿ ಇಲಾಖೆಯ ಪರವಾನಗಿ ಬೇಕು. ಸ್ಪಿರಿಟ್ ತರಲಿಕ್ಕೆ, ಇಡಲಿಕ್ಕೆ, ಬಳಸಿದ್ದಕ್ಕೆ ಎಲ್ಲಕ್ಕೂ ಲೆಕ್ಕ. ಭೂಮಿಗೆ ಹಸಿರಾಗಿರುವ ದ್ರಾವಕ ಕಚೇರಿಗೆ ಕೆಂಪಾಗಿರುತ್ತದೆ. ಇದನ್ನು ನಾನು ದೂರಾಗಿ ಹೇಳುತ್ತಿಲ್ಲ, ಅಡಿಕೆ ತೋಟದ ಮಧ್ಯೆ ಸ್ಪಿರಿಟ್ ಟ್ಯಾಂಕ್ ಇಟ್ಟರೆ ಏನೇನು ಆಗಬಹುದು ಅಂತ ಯಾರಿಗಾದರೂ ಗೊತ್ತಾಗುತ್ತದೆ. ಖರ್ಚಿನ ಸಾಲಿನಲ್ಲಿ ಬರೆಯಲೇಬೇಕು ಅಷ್ಟೇ.

ಎಲ್ಲಕ್ಕಿಂತ ದೊಡ್ಡ ತೊಡಕು ಕಾಯಿಯದ್ದೇ. ಭಾವ ಸುತ್ತಮುತ್ತ ಐದೂರು ತಿರುಗಿ ಕೇಳಿಕೊಂಡು ಬಂದರು. ಎಲ್ಲರ ಬಳ್ಳಿ ಸೇರಿದರೂ ವರ್ಷಕ್ಕೆ ಅರವತ್ತು ಕೆಜಿ ಹಸಿ ಕಾಯಿ ದಾಟುವುದಿಲ್ಲ. ಕೊಯ್ಲಿನ ಕಾಲ ನವೆಂಬರಿನಿಂದ ಜನವರಿ. ಮಿಕ್ಕ ಒಂಬತ್ತು ತಿಂಗಳು ಇಪ್ಪತ್ತೆರಡು ಲಕ್ಷದ ಟ್ಯಾಂಕು ಸುಮ್ಮನೆ ನಿಂತು ಬಡ್ಡಿ ತಿನ್ನುತ್ತದೆ. ಕೊಟೇಶನ್ನಿನಲ್ಲಿ ವರ್ಷಕ್ಕೆ ಮುನ್ನೂರು ದಿನ ಯಂತ್ರ ಓಡುತ್ತದೆ ಅಂತ ಹಾಕಿದ್ದರು.

"ಭಾವ, ತೋಟದ ಮೇಲೆ ಸಾಲ ಬೇಡ," ಅಂದೆ. "ಕೆಮಿಸ್ಟ್ರಿ ನಿಜ, ಲೆಕ್ಕ ಸುಳ್ಳು."

ಭಾವ ಎರಡು ವಾರ ಫೋನ್ ಮಾಡಲಿಲ್ಲ. ಅಕ್ಕ ಮಾಡಿದಳು. "ಅವ್ರಿಗೆ ಬೇಜಾರಾಗಿದೆ. ನೀನು ಬೇಡ ಅಂದಿದ್ದಕ್ಕಲ್ಲ, ತೋಟ ನೋಡಿ ನೋಡಿ. ಎಂತಾದ್ರೂ ಒಂದು ಮಾಡ್ಬೇಕಲ್ಲ," ಅಂದಳು. ಅದಕ್ಕೆ ನನ್ನ ಶೀಟಿನಲ್ಲಿ ಕಾಲಮ್ಮು ಇರಲಿಲ್ಲ.

ಮೂರನೇ ವಾರ ಭಾವನೇ ಮಾಡಿದರು. ಅವರ ತಲೆ ಆ ಹೊತ್ತಿಗೆ ಮುರುಗಲಿಗೆ ಹೋಗಿತ್ತು. ಮುರುಗಲು ಹಣ್ಣಾಗುವುದು ಬೇಸಿಗೆಯಲ್ಲಿ. ಸಿಪ್ಪೆ ಒಣಗುವ ಮೊದಲು ಮಳೆ ಬಂದರೆ ಅಂಗಳದಲ್ಲೇ ಕೊಳೆತು ಹೋಗುತ್ತದೆ. ವರ್ಷಾ ವರ್ಷಾ ಎಷ್ಟು ಹಾಗೆ ಹಾಳಾಗುತ್ತದೆ ಅಂತ ಅವರಿಗೆ ಚೆನ್ನಾಗಿ ಗೊತ್ತು. "ಅದೇ ಪೆಕ್ಟಿನೇಸ್ ಹಸಿ ಸಿಪ್ಪೆಗೆ ಹಾಕಿದ್ರೆ ಬಣ್ಣ, ಹುಳಿ ಎರಡೂ ಬೇಗ ಬಿಡ್ತದಾ? ನೀರಲ್ಲೇ? ಸ್ಪಿರಿಟ್ಟೇ ಬೇಡ ಅಲ್ವಾ?" ಪೆಕ್ಟಿನೇಸನ್ನು ಹಣ್ಣಿನ ರಸದ ಕಾರ್ಖಾನೆಗಳು ಎಷ್ಟೋ ಕಾಲದಿಂದ ಬಳಸುತ್ತಿವೆ. ಮುರುಗಲಿನ ಕೆಂಪು ಆಂಥೋಸಯನಿನ್, ನೀರಿನಲ್ಲಿ ಕರಗುವ ಬಣ್ಣ. ಪ್ರಶ್ನೆ ಕೊಟೇಶನ್ನಿನದ್ದಲ್ಲ, ಅವರದೇ. ಕೇಳಿ ನನಗೆ ಖುಷಿಯಾಯಿತು. ಗೆಳೆಯನ ನಂಬರ್ ಕೊಟ್ಟೆ. ಈಗ ಇಬ್ಬರೂ ನನ್ನನ್ನು ಬಿಟ್ಟು ತಾವೇ ಮಾತಾಡಿಕೊಳ್ಳುತ್ತಾರೆ. ಮೇ ತಿಂಗಳಲ್ಲಿ ಹಂಡೆ, ಥರ್ಮಾಮೀಟರ್, ಸ್ಟೀಲಿನ ಎರಡು ಡ್ರಮ್ಮು, ಇಷ್ಟರಲ್ಲೇ ಒಂದು ಸಲ ಮಾಡಿ ನೋಡಿದರು. ಮೊದಲ ಡ್ರಮ್ಮು ಹುಳಿತು, ಎರಡನೆಯದು ಪರವಾಗಿಲ್ಲ ಅಂತ ಸುದ್ದಿ. ಸಾಲದ ಮಾತು ಸದ್ಯಕ್ಕೆ ಎತ್ತಿಲ್ಲ.

ಈ ಸಲ ನಮ್ಮನೆ ವೆನಿಲ್ಲಾ ಹದಿನಾಲ್ಕು ಕೆಜಿ ಬಂತು. ಹದ ಮಾಡಲಿಕ್ಕೆ ತನ್ನಿಂದಾಗದು ಅಂತ ಅಮ್ಮ ಮೊದಲೇ ಹೇಳಿಬಿಟ್ಟಿದ್ದಳು. ಅರ್ಧ ಗೆಳೆಯನ ಲ್ಯಾಬಿಗೆ ಬಸ್ಸಿನಲ್ಲಿ ಹೋಯಿತು, ಅವನ ಹುಡುಗರು ಪ್ರಾಜೆಕ್ಟ್ ಮಾಡುತ್ತಾರಂತೆ. ಇನ್ನರ್ಧವನ್ನು ಅಪ್ಪ ಬಿಡಲಿಲ್ಲ. ಅಟ್ಟದಿಂದ ಕಂಬಳಿ ಇಳಿಸಿ ತಾನೇ ಸುತ್ತುತ್ತಿದ್ದಾನೆ. ನಿನ್ನೆ ನಾನು ಸ್ಟ್ಯಾಂಡಪ್ ಮೀಟಿಂಗಿನಲ್ಲಿರುವಾಗ ಫೋನ್ ಬಂತು. ಮೋಡ ಆಗಿದೆ, ಕಾಯಿ ಬಿಸಿಯಾಗುತ್ತಿಲ್ಲ, ಇವತ್ತು ಬಿಚ್ಚಬೇಕೋ ಬೇಡವೋ ಅಂತ ಪ್ರಶ್ನೆ. ಅಮ್ಮನನ್ನು ಕೇಳು ಅಂದೆ.

"ಕೇಳಿದೆ," ಅಂದ ಅಪ್ಪ. "ಯೂಟ್ಯೂಬ್ ನೋಡು ಅಂತಾಳೆ."